ಅಜ್ಜ ರಾತ್ರಿ ಯಾಕೆ ಏಳುತ್ತಾರೆ?



ನಮ್ಮ ಕೊಪ್ಪದ ಕಡೆ ವಯಸ್ಸಾದ ಗಂಡಸರು ಜಗಲಿ ಮೇಲೆ ಮಲಗುವುದುಂಟು. ಕೆಲವರು ರಾತ್ರಿ ಮೂರು ನಾಲ್ಕು ಸಲ ಎದ್ದು ಹೊರಗೆ ಹೋಗುತ್ತಾರೆ. ಮೂತ್ರ ಬರಲು ತುಂಬ ಹೊತ್ತು ಕಾಯಬೇಕು. ಬಂದರೂ ಸಣ್ಣ ಧಾರೆ. ಆಮೇಲೆ ತೊಟ್ಟು ತೊಟ್ಟು. ಬಂದು ಮಲಗಿದರೆ ಮತ್ತೆ ಹೋಗಬೇಕು ಅನ್ನಿಸುತ್ತದೆ.

ಕೇಳಿದರೆ, "ವಯಸ್ಸಾಯ್ತಲ್ಲವ್ವ, ಇದೆಲ್ಲ ಇದ್ದದ್ದೇ" ಅನ್ನುತ್ತಾರೆ. ಸೊಸೆ ಹತ್ತಿರ ಹೇಳಿಕೊಳ್ಳಲು ನಾಚಿಕೆ. ಬಸ್ಸಿನಲ್ಲಿ ಕೂರಲು ಹೆದರಿ ಮದುವೆಗೂ ಹೋಗುವುದಿಲ್ಲ. ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಇದಕ್ಕೆ ಕಾರಣ ಏನು? ನಾವು ತಿಳಿಯೋಣ.

ಗಂಡಸರ ಮೂತ್ರಚೀಲದ ಕೆಳಗೆ ಒಂದು ಗ್ರಂಥಿ ಇದೆ. ಅದರ ಹೆಸರು ಪ್ರಾಸ್ಟೇಟ್. ಹೆಚ್ಚುಕಡಿಮೆ ಬೆಟ್ಟದ ನೆಲ್ಲಿಕಾಯಿ ಗಾತ್ರ. ಮೂತ್ರದ ಕೊಳವೆ ಇದರ ನಡುವೆ ಹಾದು ಹೋಗುತ್ತದೆ. ವಯಸ್ಸಾದಂತೆ ಈ ಗ್ರಂಥಿ ದಪ್ಪವಾಗುತ್ತದೆ. ಆಗ ಕೊಳವೆಯನ್ನು ಒತ್ತುತ್ತದೆ. ಗದ್ದೆಗೆ ಹೋಗುವ ಕಾಲುವೆಯಲ್ಲಿ ಮಣ್ಣು ತುಂಬಿದರೆ ನೀರು ಸಣ್ಣಗೆ ಹರಿಯುವುದಿಲ್ಲವೇ? ಹಾಗೆಯೇ ಇದು.

60 ವರ್ಷ ದಾಟಿದ ಗಂಡಸರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಈ ಗ್ರಂಥಿ ದಪ್ಪವಾಗಿರುತ್ತದೆ. ಇದು ಅಂಟುರೋಗ ಅಲ್ಲ. ಕೆಟ್ಟ ನಡತೆಯಿಂದ ಬರುವುದಲ್ಲ. ಇದು ಕ್ಯಾನ್ಸರ್ ಕೂಡ ಅಲ್ಲ. ಆದರೆ ಸಕ್ಕರೆ ಕಾಯಿಲೆ ಇದ್ದರೂ ಪದೇ ಪದೇ ಮೂತ್ರ ಬರುತ್ತದೆ. ಕ್ಯಾನ್ಸರ್‌ನಲ್ಲೂ ಕೆಲವು ಸಲ ಇದೇ ಲಕ್ಷಣ ಕಾಣುತ್ತದೆ. ಆದ್ದರಿಂದ ನಾವೇ ತೀರ್ಮಾನ ಮಾಡಬಾರದು. ಡಾಕ್ಟರಿಗೆ ತೋರಿಸಬೇಕು.

ಡಾಕ್ಟರು ಮೂತ್ರ, ರಕ್ತ ಪರೀಕ್ಷೆ ಮಾಡಿಸುತ್ತಾರೆ. ಬೇಕಾದರೆ ಸ್ಕ್ಯಾನ್ ಮಾಡಿಸುತ್ತಾರೆ. ಬಹಳ ಜನರಿಗೆ ಮಾತ್ರೆಯಲ್ಲೇ ಗುಣ ಕಾಣುತ್ತದೆ. ಕೆಲವು ಮಾತ್ರೆ ನುಂಗಿದಾಗ ಎದ್ದು ನಿಂತರೆ ತಲೆ ಸುತ್ತಬಹುದು. ನಿಧಾನವಾಗಿ ಏಳಲು ಹೇಳಿ. ಮಾತ್ರೆಯಿಂದ ಗುಣವಾಗದಿದ್ದರೆ ಆಪರೇಷನ್ ಇದೆ. ಸಾಮಾನ್ಯವಾಗಿ ಹೊಟ್ಟೆ ಕುಯ್ಯದೆ, ಮೂತ್ರದ ದಾರಿಯಿಂದಲೇ ಮಾಡುತ್ತಾರೆ.

ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಗತ್ಯ ಬಿದ್ದರೆ ಮಂಡ್ಯದ ಮಿಮ್ಸ್ ಆಸ್ಪತ್ರೆ ಇದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ಪಡಿತರ ಚೀಟಿ, ಆಧಾರ್ ಕಾರ್ಡ್ ಮರೆಯದೆ ತೆಗೆದುಕೊಂಡು ಹೋಗಿ.

ಮನೆಯಲ್ಲಿ ಏನು ಮಾಡಬೇಕು?

ಹಗಲು ನೀರು ಕುಡಿಯಲಿ. ಮಲಗುವ ಮುಂಚೆ ನೀರು, ಕಾಫಿ, ಟೀ ಕಡಿಮೆ ಮಾಡಲಿ. ಹೆಂಡ, ಸಾರಾಯಿ ಬೇಡ. ನೆಗಡಿಗೆ ಅಂಗಡಿಯಿಂದ ಮಾತ್ರೆ ತಂದು ಕೊಡಬೇಡಿ. ಕೆಲವು ನೆಗಡಿ ಮಾತ್ರೆಗಳಿಂದ ಮೂತ್ರ ಕಟ್ಟುತ್ತದೆ. ರಾತ್ರಿ ಓಡಾಡುವ ದಾರಿಯಲ್ಲಿ ದೀಪ ಇರಲಿ. ಕತ್ತಲಲ್ಲಿ ಬಿದ್ದರೆ ಸೊಂಟ ಮುರಿಯುತ್ತದೆ.

ಇದನ್ನು ಮಾತ್ರ ನೆನಪಿಡಿ. ಮೂತ್ರ ಪೂರ್ತಿ ನಿಂತುಹೋಗಿ ಕೆಳಹೊಟ್ಟೆ ಉಬ್ಬಿ ನೋವು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಸಣ್ಣ ನಳಿಕೆ ಹಾಕಿ ಮೂತ್ರ ತೆಗೆಯುತ್ತಾರೆ. ತಡವಾದರೆ ಕಿಡ್ನಿ ಹಾಳಾಗಬಹುದು. ಮೂತ್ರದಲ್ಲಿ ರಕ್ತ ಬಂದರೂ, ಚಳಿಜ್ವರ ಬಂದರೂ ಬೇಗ ತೋರಿಸಿ.

ಮಾವನ ಹತ್ತಿರ ಇದನ್ನೆಲ್ಲ ಹೇಗೆ ಕೇಳೋದು ಅನ್ನುತ್ತೀರಾ? ಗಂಡನ ಕೈಲಿ, ಅತ್ತೆಯ ಕೈಲಿ ಕೇಳಿಸಿ. ಅದೂ ಆಗದಿದ್ದರೆ ಇವತ್ತು ರಾತ್ರಿ ಈ ಪಾಠವನ್ನು ಜಗಲಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಓದಿ. ಈಗ ನಿಮಗೆ ಓದಲು ಬರುತ್ತದಲ್ಲ!