ನಿದ್ದೆಯಿಂದ ಎದ್ದ ಲ್ಯಾಪ್‌ಟಾಪ್, ಕೈಗೆ ಸಿಗದ ಕಡತಕೋಶ

ಹಾವೇರಿಯ ಕಾಲೇಜೊಂದರಲ್ಲಿ ಆಂತರಿಕ ಅಂಕಗಳ ಪಟ್ಟಿಯನ್ನು ಸಿಬ್ಬಂದಿ ಕೊಠಡಿಯ ಗಣಕದ ಹಂಚಿಕೆಯ ಕಡತಕೋಶದಿಂದ (ಶೇರ್ಡ್ ಫೋಲ್ಡರ್) ತೆರೆದಿದ್ದೀರಿ. ಪಟ್ಟಿಯನ್ನು ಮುಚ್ಚದೆ ಲ್ಯಾಪ್‌ಟಾಪಿನ ಮುಚ್ಚಳವನ್ನಷ್ಟೇ ಮುಚ್ಚಿ ರೈಲು ಹತ್ತುತ್ತೀರಿ. ಬ್ಯಾಡಗಿ ದಾಟಿ ರಾಣೆಬೆನ್ನೂರಿನಲ್ಲಿ ಇಳಿದು ತೆರೆದರೆ ಪಟ್ಟಿ ಪರದೆಯ ಮೇಲೆ ಹಾಗೆಯೇ ಇದೆ. ಎರಡು ಅಂಕ ತಿದ್ದಿ ‘ಸೇವ್’ ಒತ್ತಿದರೆ ಆ ಸ್ಥಳ ಸಿಗುತ್ತಿಲ್ಲ ಎಂಬ ಉತ್ತರ. ಊರೇ ಬದಲಾದ ಮೇಲೆ ಇದು ಸಹಜ. ಆದರೆ ಮರುದಿನ ಹಾವೇರಿಯಲ್ಲೂ ಅದೇ ಉತ್ತರ ಬಂದರೆ? “ನೆಟ್ ಐತ್ರಿ ಸರ, ಫೋಲ್ಡರ್ ಅಷ್ಟ ತೆರೀವಲ್ದು” ಎಂಬ ದೂರನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

ನಿದ್ದೆಯಲ್ಲಿ ಸಂಸ್ಕಾರಕ ನಿಲ್ಲುತ್ತದೆ, ಸ್ಮೃತಿಗೆ ಮಾತ್ರ ಅಲ್ಪ ವಿದ್ಯುತ್ ಹರಿಯುತ್ತಿರುತ್ತದೆ. ಆದ್ದರಿಂದಲೇ ಪಟ್ಟಿ ಉಳಿದಿರುತ್ತದೆ. ಕಡತಕೋಶದೊಂದಿಗಿನ ಸಂಪರ್ಕ ಟಿಸಿಪಿ ನಿಯಮಾವಳಿಯಂತೆ ನಡೆಯುತ್ತದೆ. 1981ರಲ್ಲಿ ಪ್ರಕಟವಾದ ಇದರ ವಿವರಣೆಯ ಪ್ರಕಾರ ಸಂಪರ್ಕವೆಂದರೆ ತಂತಿಯಲ್ಲ. ಎರಡೂ ತುದಿಯ ಯಂತ್ರಗಳು ನೆನಪಿಟ್ಟುಕೊಂಡ ವಿಳಾಸಗಳು ಮತ್ತು ಕ್ರಮಸಂಖ್ಯೆಗಳು. ಒಂದು ತುದಿಯ ಗಡಿಯಾರ ನಿಂತಿದ್ದರೂ ಇನ್ನೊಂದು ತುದಿಯದು ಓಡುತ್ತಿರುತ್ತದೆ. ಕಾಯ್ದು ಬೇಸತ್ತ ಅಥವಾ ಈ ನಡುವೆ ಆರಿಸಿ ಹಚ್ಚಿದ ಆ ಗಣಕ ತನ್ನ ದಾಖಲೆಯನ್ನು ಅಳಿಸಿರುತ್ತದೆ. ಎದ್ದ ಲ್ಯಾಪ್‌ಟಾಪ್ ಮಾತ್ರ ನಿನ್ನೆಯ ಸಂಖ್ಯೆಗಳಿಂದಲೇ ಮಾತು ಮುಂದುವರಿಸುತ್ತದೆ.

ಆಚೆಯಿಂದ ನಿರಾಕರಣೆ ಬಂದರೆ ಒಳ್ಳೆಯದೇ. ಲ್ಯಾಪ್‌ಟಾಪ್ ಹೊಸ ಸಂಪರ್ಕ ಬೆಳೆಸಬಲ್ಲದು. ಮೌನವೇ ಕಷ್ಟ. ಉತ್ತರ ಬಾರದಿದ್ದಾಗ ಟಿಸಿಪಿ ಪ್ರತಿ ಸಲವೂ ಕಾಯುವ ಅವಧಿಯನ್ನು ಇಮ್ಮಡಿಗೊಳಿಸುತ್ತದೆ. ಮೊದಲ ಕಾಯುವಿಕೆ 1 ಸೆಕೆಂಡ್ ಎಂದುಕೊಂಡರೆ ಐದು ಪ್ರಯತ್ನಗಳಿಗೆ 1+2+4+8+16, ಅಂದರೆ 31 ಸೆಕೆಂಡ್. ಪರದೆ ಹೆಪ್ಪುಗಟ್ಟಿದಂತೆ ಕಾಣುವುದು ಈ ಗುಣೋತ್ತರ ಶ್ರೇಢಿಯಿಂದ!

ಮೌನಕ್ಕೆ ಇನ್ನೊಂದು ಕಾರಣ ವಿಳಾಸ. ರೌಟರ್ ಯಂತ್ರಗಳಿಗೆ ವಿಳಾಸವನ್ನು ನಿಗದಿತ ಅವಧಿಗೆ ಬಾಡಿಗೆಯಂತೆ ಕೊಡುತ್ತದೆ. ನಿನ್ನೆ 192.168.1.7 ಆಗಿದ್ದ ಗಣಕ ಇಂದು 192.168.1.12 ಆಗಿರಬಹುದು. ಹಲವು ರೌಟರುಗಳು ಇವೇ ಸಂಖ್ಯೆಗಳನ್ನು ಬಳಸುವುದರಿಂದ ರಾಣೆಬೆನ್ನೂರಿನಲ್ಲಿ ಅದೇ 7 ಯಾವುದೋ ಪ್ರಿಂಟರಿನದಾಗಿರಲೂ ಸಾಧ್ಯ.

ಪರಿಹಾರಕ್ಕೆ ತೊಡಗುವ ಮೊದಲು ಪಟ್ಟಿಯನ್ನು ಮುಚ್ಚಬೇಡಿ. ತಿದ್ದಿದ ಅಂಕಗಳು ಈಗ ಇರುವುದು ಲ್ಯಾಪ್‌ಟಾಪಿನ ಸ್ಮೃತಿಯಲ್ಲಿ ಮಾತ್ರ. ‘ಸೇವ್ ಆ್ಯಸ್’ ಮೂಲಕ ಡೆಸ್ಕ್‌ಟಾಪಿನಲ್ಲಿ ಪ್ರತಿ ಉಳಿಸಿಕೊಳ್ಳಿ. ವೈಫೈ ಮರಳಿ ಸೇರಲು ಅರ್ಧ ನಿಮಿಷ ಕೊಡಿ. ಬಳಿಕ ಎದ್ದು ಹೋಗಿ ಕಡತಕೋಶವಿರುವ ಗಣಕವನ್ನು ನೋಡಿ. ಎಷ್ಟೋ ಸಲ ಮಲಗಿರುವುದು ಅದೇ! ಅದು ಎಚ್ಚರವಿದ್ದರೆ ಕಮಾಂಡ್ ಕಿಟಕಿಯಿಂದ ಅದರ ಹೆಸರಿಗೊಮ್ಮೆ, ಈಗಿನ ವಿಳಾಸಕ್ಕೊಮ್ಮೆ ‘ಪಿಂಗ್’ ಮಾಡಿ. ವಿಳಾಸಕ್ಕೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ದೋಷ ಹೆಸರನ್ನು ಹುಡುಕುವ ವ್ಯವಸ್ಥೆಯಲ್ಲಿದೆ. ಎರಡಕ್ಕೂ ಬಾರದಿದ್ದರೆ ಜಾಲವನ್ನು ಶಂಕಿಸಿ. ಆದರೆ ಫೈರ್‌ವಾಲ್ ಪಿಂಗನ್ನು ತಡೆದಿರಲೂಬಹುದು. ಎರಡಕ್ಕೂ ಬಂದರೆ ಆ ಡ್ರೈವನ್ನು ‘ಡಿಸ್‌ಕನೆಕ್ಟ್’ ಮಾಡಿ ಮತ್ತೆ ಜೋಡಿಸಿ.

ಪದೇ ಪದೇ ಹೀಗಾಗುತ್ತಿದ್ದರೆ ರೌಟರಿನಲ್ಲಿ ಆ ಗಣಕಕ್ಕೆ ಒಂದೇ ವಿಳಾಸ ಕಾಯ್ದಿರಿಸಿ, ಅದು ನಿದ್ದೆಗೆ ಹೋಗದಂತೆ ಮಾಡಿ. ವಿದ್ಯುತ್ ಉಳಿಸಲು ವೈಫೈ ಸಾಧನವನ್ನು ಆರಿಸುವ ಅನುಮತಿ ಲ್ಯಾಪ್‌ಟಾಪಿನ ಡಿವೈಸ್ ಮ್ಯಾನೇಜರಿನಲ್ಲಿ ಕಂಡರೆ ಅದನ್ನೂ ತೆಗೆಯಿರಿ.

ವಿದ್ಯಾರ್ಥಿಗಳು ಇದನ್ನು ಪ್ರಯೋಗವಾಗಿ ಮಾಡಬಹುದು. ಎಲ್ಲ ಕಡತಗಳನ್ನು ಮುಚ್ಚಿ ಲ್ಯಾಪ್‌ಟಾಪನ್ನು 20 ನಿಮಿಷ ಮಲಗಿಸಿ. ಒಮ್ಮೆ ಆಚೆಯ ಗಣಕ ಚಾಲೂ ಇರಲಿ, ಇನ್ನೊಮ್ಮೆ ಆರಿಸಿರಲಿ. ಎದ್ದ ಮೇಲೆ ಕಡತಕೋಶ ತೆರೆಯಲು ಅಥವಾ ದೋಷಸೂಚನೆ ಬರಲು ಹಿಡಿಯುವ ಸೆಕೆಂಡುಗಳನ್ನು ನಿಲುಗಡಿಯಾರದಿಂದ ಅಳೆದು ಬರೆದಿಡಿ.