ಮುಳ್ಳು ಇಳಿದರೂ ಎಚ್ಚರ!

ಅಂಕೋಲೆಯಿಂದ ಹುಬ್ಬಳ್ಳಿಗೆ ಬರುವ ಹಳೆಯ ಅಂಬಾಸಡರ್ ಕಾರಿಗೆ ನಿಜವಾದ ಪರೀಕ್ಷೆ ಅರಬೈಲ್ ಘಟ್ಟದಲ್ಲಿ. ಏರು ಹತ್ತುವಾಗ ಎಂಜಿನ್ನಿಗೆ ದುಡಿಮೆ ಹೆಚ್ಚು, ಆದರೆ ವೇಗ ತಗ್ಗಿರುವುದರಿಂದ ರೇಡಿಯೇಟರಿಗೆ ಬೀಸುವ ಗಾಳಿ ಕಡಿಮೆ. ಆಗ ಚಾಲಕ ಆಗಾಗ ನೋಡಬೇಕಾದದ್ದು ಡ್ಯಾಶ್‌ಬೋರ್ಡಿನ ಟೆಂಪರೇಚರ್ ಗೇಜ್.

ಅಂಬಾಸಡರ್ ತಯಾರಿಕೆ 2014ರಲ್ಲೇ ನಿಂತಿತು. ಆದರೂ ಅದನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದವರಿದ್ದಾರೆ. ಅಂಥ ಕಾರು ಮನೆಯಲ್ಲಿದ್ದರೆ ಮಕ್ಕಳಿಗೆ ಅದೇ ಒಂದು ಭೌತಶಾಸ್ತ್ರದ ಪಾಠ.

ಗೇಜ್ ತೋರಿಸುವುದು ಎಂಜಿನ್ನನ್ನು ತಣಿಸುವ ನೀರಿನ ಶಾಖವನ್ನು. ವಿದ್ಯುತ್ ಗೇಜ್ ಆದರೆ, ನೀರಿನಲ್ಲಿ ಮುಳುಗಿರುವ ಪುಟ್ಟ ಸೆನ್ಸರ್ ಕಾಯ್ದಷ್ಟೂ ಅದರ ವಿದ್ಯುತ್ ರೋಧ ಕುಗ್ಗುತ್ತದೆ. ಮುಳ್ಳು ‘ಸಿ’ಯಿಂದ ‘ಎಚ್’ ಕಡೆಗೆ ಸರಿಯುತ್ತದೆ. ಹಲವು ಹಳೆಯ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆಯುವುದು ಸುಮಾರು 82 ಡಿಗ್ರಿ ಸೆಲ್ಸಿಯಸ್‌ಗೆ. ಹೀಗಾಗಿ 80ರಿಂದ 90 ಡಿಗ್ರಿ ಸಹಜ. ಗೇಜಿನಲ್ಲಿ ಅಂಕಿಗಳಿಲ್ಲವೇ? ಹುಬ್ಬಳ್ಳಿ-ಧಾರವಾಡದ ನಡುವಿನ 20 ಕಿ.ಮೀ. ಓಡಾಟದಲ್ಲಿ ಮುಳ್ಳು ಎಲ್ಲಿ ನಿಲ್ಲುತ್ತದೆಂದು ಗಮನಿಸಿ. ಅದೇ ನಿಮ್ಮ ಕಾರಿನ ಸಹಜ ಜಾಗ.

ನೀರು 100 ಡಿಗ್ರಿಗೆ ಕುದಿಯುತ್ತದೆಂದು ಪಾಠದಲ್ಲಿದೆ. ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದ ಈ ಅವಳಿನಗರದಲ್ಲಿ ಅದು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಆದರೆ ರೇಡಿಯೇಟರಿನ ಮುಚ್ಚಳ ಪ್ರೆಶರ್ ಕುಕ್ಕರಿನಂತೆ ಒತ್ತಡ ಹಿಡಿದಿಡುತ್ತದೆ. ಚದರ ಅಂಗುಲಕ್ಕೆ 7 ಪೌಂಡ್ ಒತ್ತಡವಿದ್ದರೆ ಕುದಿಯುವ ಬಿಂದು 110 ಡಿಗ್ರಿಯ ಹತ್ತಿರಕ್ಕೆ ಏರುತ್ತದೆ. ಕಾಯ್ದಾಗ ಮುಚ್ಚಳ ತೆಗೆದರೆ ಒತ್ತಡ ಇಳಿದು, ನೀರು ತಟ್ಟನೆ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಮುಳ್ಳು ಏರಿದರೆ ಎಲ್ಲರೂ ಹೆದರುತ್ತಾರೆ. ಆದರೆ ಏರಿದ್ದ ಮುಳ್ಳು ಒಮ್ಮೆಲೇ ಇಳಿದರೆ ‘ಸದ್ಯ, ತಣ್ಣಗಾಯಿತು’ ಎನ್ನುವಂತಿಲ್ಲ. ಹೋಸ್ ಒಡೆದು ನೀರು ಸೋರಿಹೋಗಿದ್ದರೆ ಸೆನ್ಸರ್ ನೀರಿನಿಂದ ಹೊರಗುಳಿಯುತ್ತದೆ. ಎಂಜಿನ್ ಕೆಂಡವಾಗಿದ್ದರೂ ಮುಳ್ಳು ಕೆಳಗೇ ಇರಬಹುದು. ವೈರ್ ಕಡಿದರೂ ಹೀಗಾಗುವುದುಂಟು. ಯಾವುದೆಂದು ನಿಂತು ನೋಡದೆ ತಿಳಿಯದು. ಓಡಿಸುತ್ತಲೇ ಹೋದರೆ ಹೆಡ್ ಗ್ಯಾಸ್ಕೆಟ್ ಸುಡುತ್ತದೆ, ಎಂಜಿನ್ನೇ ಜಾಮ್ ಆಗಬಹುದು.

ಆದ್ದರಿಂದ ಮುಳ್ಳು ತನ್ನ ಸಹಜ ಜಾಗ ಬಿಟ್ಟು ಮೇಲೇರಿದರೂ, ತಟ್ಟನೆ ಇಳಿದರೂ ಕಾರನ್ನು ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಪೂರ್ತಿ ತಣಿಯುವವರೆಗೆ ಮುಚ್ಚಳ ಮುಟ್ಟಬೇಡಿ, ಮಕ್ಕಳನ್ನು ದೂರವಿಡಿ. ಕಾಯ್ದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ. ಲೋಹ ಬಿರುಕು ಬಿಟ್ಟೀತು.