ಪಂಚರ್ ಆದದ್ದು ಒಂದು ಸಲ, ಟೈರ್ ಬಿಚ್ಚಿದ್ದು ಎರಡು ಸಲ

ಮಳೆ ನಂಬಿದ ನಮ್ಮ ಮಧುಗಿರಿ ಸೀಮೆಯಲ್ಲಿ ರಾಗಿ, ಕಡ್ಲೆಕಾಯಿ ಕೈಕೊಟ್ಟ ವರ್ಷ ಮನೆ ನಡೆಸೋದು ಹುಣಸೆಮರ. ಎರಡು ವರ್ಷದ ಹಿಂದೆ ಮಾರ್ಚಿ ತಿಂಗಳಲ್ಲಿ ನಾನೂ ನನ್ನ ತಮ್ಮನ ಮಗನೂ ಎರಡು ಚಕ್ರದ ಟ್ರೈಲರಿಗೆ ಹುಣಸೆ ಮೂಟೆ ತುಂಬಿ, ಬೆಳಗಿನ ಜಾವ ಮೂರಕ್ಕೆ ತುಮಕೂರು ಮಾರುಕಟ್ಟೆಗೆ ಹೊರಟೆವು. ಕೊರಟಗೆರೆ ಇನ್ನೂ ಸಿಕ್ಕಿರಲಿಲ್ಲ, ಟ್ರೈಲರ್ ಎಡಕ್ಕೆ ವಾಲಿತು. ಇಳಿದು ನೋಡಿದರೆ ಟೈರ್ ನೆಲಕ್ಕೆ ಕೂತಿದೆ. ಆ ಹೊತ್ತಿನಲ್ಲಿ ಪಂಚರ್ ಅಂಗಡಿ ಎಲ್ಲಿ? ಸ್ಟೆಪ್ನಿಯೂ ಇರಲಿಲ್ಲ. ಪ್ಯಾಚು, ಸಲ್ಯೂಷನ್, ಕೈಪಂಪು ಇದ್ದವು.

ಮೊದಲ ತಪ್ಪು ಜಾಕಿನದು. ರಸ್ತೆ ಪಕ್ಕದ ಸಡಿಲ ಮಣ್ಣಿನ ಮೇಲೇ ಇಟ್ಟು ಎತ್ತಿದೆವು. ಚಕ್ರ ಬಿಚ್ಚಿ ಈಚೆಗೆ ಎಳೆದ ಕೂಡಲೇ ಜಾಕು ವಾಲಿ ಅಚ್ಚು ದಡ್ಡನೆ ಕೆಳಗೆ ಬಿತ್ತು. ಹುಡುಗನ ಕೈ ಒಂದು ಗೇಣು ದೂರದಲ್ಲಿತ್ತು. ಈಗಲೂ ನೆನೆಸಿಕೊಂಡರೆ ಮೈ ನಡುಗುತ್ತೆ. ಅರ್ಧ ಮೂಟೆ ಇಳಿಸಿ, ಅಚ್ಚಿನ ಕೆಳಗೆ ಗುಣಿ ತೋಡಿ, ಚಪ್ಪಡಿ ಕಲ್ಲು ಹಾಸಿ ಮತ್ತೆ ಎತ್ತಿದೆವು.

ಕುಡಿಯೋ ನೀರನ್ನೇ ಬಾಂಡ್ಲಿಗೆ ಸುರಿದು, ಗುಳ್ಳೆ ಬಂದ ಕಡೆ ಪ್ಯಾಚು ಹಾಕಿ ಹೊರಟೆವು. ಎರಡು ಮೈಲಿ ಹೋಗೋದರೊಳಗೆ ಅದೇ ಚಕ್ರ ಮತ್ತೆ ಕೂತಿತು. ಈ ಸಲ ಹುಡುಗ ಟೈರಿನ ಒಳಗೆ ಬಟ್ಟೆ ಆಡಿಸಿದ. ಬಟ್ಟೆ ಸಿಕ್ಕಿಕೊಂಡಿತು.

"ದೊಡ್ಡಪ್ಪಾ, ಇದು ಹೊಸ ಪಂಚರ್ ಅಲ್ಲ. ಹಳೇ ಮುಳ್ಳು ಇಲ್ಲೇ ಐತೆ" ಅಂದ.

ಬಳ್ಳಾರಿ ಜಾಲಿ ಮುಳ್ಳು, ಮುರಿದು ಟೈರಿನಲ್ಲೇ ಉಳಿದಿತ್ತು. ಹಿಂದಿನ ವಾರ ಹೊಲದ ಬೇಲಿಗೆ ಅದೇ ಜಾಲಿ ಕೊಂಬೆಯನ್ನು ಬಂಡಿದಾರಿಯಲ್ಲಿ ಎಳೆಸಿದವನು ನಾನೇ. ಬೈಯೋದು ಯಾರನ್ನ? ತುಮಕೂರು ಮುಟ್ಟುವ ಹೊತ್ತಿಗೆ ಆ ದಿನದ ವ್ಯಾಪಾರ ಮುಗಿದಿತ್ತು. ರಾತ್ರಿ ಮೂಟೆ ಕಾಯುತ್ತಾ ಅಲ್ಲೇ ಮಲಗಿದೆವು.

ಅವತ್ತಿನಿಂದ ನಾವು ಪಾಲಿಸುವ ಕ್ರಮ ಇದು:

* ಗಾಡಿಯನ್ನು ಗಟ್ಟಿ, ಮಟ್ಟ ನೆಲಕ್ಕೆ ನಿಲ್ಲಿಸಿ, ಇಂಜಿನ್ ಆರಿಸಿ, ಗೇರಿನಲ್ಲಿ ಬಿಡಿ. ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಕತ್ತಲಲ್ಲಿ ಹಿಂದಿನಿಂದ ಬರುವವರಿಗೆ ಕಾಣುವಂತೆ ದೂರದಲ್ಲಿ ಸೊಪ್ಪಿನ ಕೊಂಬೆ ಇಟ್ಟು, ಟಾರ್ಚ್ ಹಿಡಿದು ಒಬ್ಬರು ನಿಲ್ಲಿ.
* ಎತ್ತುವ ಮೊದಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ಜಾಕಿನ ಕೆಳಗೆ ದಪ್ಪ ಹಲಗೆ ಇರಲಿ. ಅಚ್ಚಿನ ಕೆಳಗೂ ಕಲ್ಲೋ ದಿಮ್ಮಿಯೋ ಆಸರೆ ಕೊಡಿ. ಜಾಕು ನಂಬಿ ಟ್ರೈಲರಿನ ಕೆಳಗೆ ನುಗ್ಗಬೇಡಿ.
* ವಾಲಿನ ಪಿನ್ನು ತೆಗೆದು ಗಾಳಿ ಪೂರ್ತಿ ಬಿಟ್ಟ ಮೇಲೇ ಟೈರ್ ಬಿಚ್ಚಿ.
* ಟ್ಯೂಬನ್ನು ಒರೆಸಿ, ಉಜ್ಜಿ, ಸಲ್ಯೂಷನ್ ಹಚ್ಚಿ. ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಪ್ಯಾಚು ಒತ್ತಿ. ಇಲ್ಲಿ ಅವಸರ ಮಾಡಿದರೆ ಪ್ಯಾಚು ನಿಲ್ಲಲ್ಲ.
* ಟೈರಿನ ಒಳಗೆ ಬಟ್ಟೆ ಆಡಿಸಿ ಮುಳ್ಳು, ಲಾಳದ ಮೊಳೆ ಹುಡುಕಿ. ಬರಿಗೈ ಆಡಿಸಬೇಡಿ.
* ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ ಕೂರಿಸಿದರೆ ಮಡಚಿ ಲಿವರಿಗೆ ಸಿಕ್ಕಲ್ಲ. ನಟ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಿ. ನಾಲ್ಕೈದು ಮೈಲಿ ಹೋದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿ ನೋಡಿ.

ಈಗ ಸೀಟಿನ ಕೆಳಗೆ ಒಂದು ಹಳೇ ಟ್ರಂಕು ಇದೆ. ಅದರಲ್ಲಿ ಒಂದು ಟ್ಯೂಬು, ಪಾನ, ಎರಡು ಲಿವರು, ಟಾರ್ಚ್. ಹಲಗೆ ಟ್ರೈಲರಿನಲ್ಲೇ ಇರುತ್ತೆ. ಜಾಲಿ ಕೊಂಬೆಯನ್ನು ಈಗ ಎಳೆಸಲ್ಲ, ಗಾಡಿಗೆ ಹೇರಿ ಸಾಗಿಸ್ತೀವಿ, ದಾರಿಯಲ್ಲಿ ಉದುರಿದ್ದನ್ನು ಗುಡಿಸ್ತೀವಿ. ಶಿರಾ, ಪಾವಗಡ ಕಡೆಯ ರೈತರಿಗೆ ಜಾಲಿಮುಳ್ಳಿನ ಕಾಟ ನಾನು ಹೇಳಬೇಕಿಲ್ಲ. ನಿಮ್ಮ ಉಪಾಯವಿದ್ದರೆ ಪತ್ರಿಕೆಗೆ ಬರೆಯಿರಿ.